ಹೊಳೇಲಿ ತೇಲಿ ಬಂದ ಮರ ಯಾರದ್ದು?

ನಮ್ಮ ಕುರುಬರಹಳ್ಳಿ ಕಡೆ ಇರೋ ನದಿ ಅಂದ್ರೆ ವೃಷಭಾವತಿ ಒಂದೇ. ಅವಳನ್ನೂ ನಾವು ಮೋರಿ ಅಂತಾನೇ ಕರೀತೀವಿ. ಅದಕ್ಕೇ ಹೊಳೆ ಅಂದ್ರೆ ಬರೀ ನೀರು ಅಂತ ನಮ್ಮ ಲೆಕ್ಕ. ಮಲೆನಾಡಿಂದ, ದಕ್ಷಿಣ ಕನ್ನಡದಿಂದ ಸೊಸೆಯಾಗಿ ಬಂದಿರೋರನ್ನ ಕೇಳಿ ನೋಡಿ. ಮಳೆಗಾಲದ ಹೊಳೆ ಮರಾನೂ ಹೊತ್ಕೊಂಡು ಬರುತ್ತೆ ಅಂತಾರೆ. ತೆಂಗಿನಕಾಯಿ, ಬಿದಿರು, ಕೊಂಬೆ, ಒಮ್ಮೊಮ್ಮೆ ಬೇರು ಸಮೇತ ಇಡೀ ಮರ! ದಡಕ್ಕೆ ಬಿದ್ದ ಕೊಂಬೆ ಒಣಗಿದ್ರೆ ಬಚ್ಚಲ ಒಲೆಗೆ ಸೌದೆ.

ಆದ್ರೆ ಆ ಮರ ಯಾರದ್ದು? ಇದಕ್ಕೊಂದು ಚರಿತ್ರೆನೇ ಇದೆ.

ಹಿಂದೆ ಲಾರಿ, ರಸ್ತೆ ಇಲ್ಲದ ಕಾಲದಲ್ಲಿ ಕಾಡಿನ ದಿಮ್ಮಿ ಸಾಗಿಸೋಕೆ ಹೊಳೆನೇ ದಾರಿ. ಉತ್ತರ ಕನ್ನಡದ ಕಾಳಿ ನದಿ ಬದಿಯ ಮರಾನ ನೀರಲ್ಲೇ ತೇಲಿಸಿ ಸಮುದ್ರದ ಕಡೆಗೆ ಒಯ್ತಿದ್ರು. ಸ್ಟೀಲ್ ಪಾತ್ರೆ ಮೇಲೆ ನಾವು ಹೆಸರು ಕೆತ್ತಿಸಲ್ವಾ, ಹಾಗೆ ದಿಮ್ಮಿ ಮೇಲೂ ಸುತ್ತಿಗೇಲಿ ಗುರುತು ಒತ್ತೋರು. ನೀರು ಜಾಸ್ತಿಯಾಗಿ ದಿಮ್ಮಿ ತಪ್ಪಿಸ್ಕೊಂಡ್ರೆ ಹುಡುಕೋಕೆ ಬೇಕಲ್ಲ. 1878ರಲ್ಲಿ ಇಂಗ್ಲಿಷರ ಸರ್ಕಾರ ಅರಣ್ಯ ಕಾಯ್ದೆ ತಂದಾಗ ಇದಕ್ಕೇ ಅಂತ ಒಂದು ಅಧ್ಯಾಯ ಇಟ್ಟಿತು. 1927ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲೂ ಅದೇ ಮಾತು: ತೇಲಿ ಬಂದ, ದಡಕ್ಕೆ ಬಿದ್ದ, ನೀರಲ್ಲಿ ಮುಳುಗಿದ ಮರ ಎಲ್ಲಾ ಸರ್ಕಾರದ್ದು, ಯಾರಾದ್ರೂ ಬಂದು ಇದು ನಂದು ಅಂತ ಸಾಬೀತು ಮಾಡೋವರೆಗೆ. ಹೊಳೆ ತಂದು ಕೊಟ್ಟಿದ್ದನ್ನ ಊರಿನೋರು ಪ್ರಸಾದ ಅಂದ್ಕೊಂಡ್ರು, ಕಾನೂನು ಆಸ್ತಿ ಅಂತು.

ಈಗ ಕಾಲ ಬದಲಾಗಿದೆ. ದಿಮ್ಮಿನ ಲಾರಿ ಒಯ್ಯುತ್ತೆ. ಹೊಳೇಲಿ ಬರೋದು ಯಾರೂ ಗುರುತು ಒತ್ತದೇ ಇರೋ ಮರ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜಾರ್ತು. ಮರುವರ್ಷ ಆಗಸ್ಟಿನಲ್ಲೇ ಚಾರ್ಮಾಡಿ ಸುತ್ತಮುತ್ತ ಗುಡ್ಡ ಕುಸೀತು. ಗುಡ್ಡ ಜಾರಿದ್ರೆ ಮಣ್ಣಷ್ಟೇ ಅಲ್ಲ, ಮೇಲಿದ್ದ ಮರಾನೂ ಜಾರುತ್ತೆ. ಬೆಳ್ತಂಗಡಿ ಕಡೆ ಎಷ್ಟೋ ಅಡಿಕೆ ತೋಟದಲ್ಲಿ ನೀರು ಇಳಿದ ಮೇಲೆ ಉಳಿದಿದ್ದು ಮರಳು, ಬಂಡೆ, ದಿಮ್ಮಿ. 2022ರ ಆಗಸ್ಟ್ ಮೊದಲ ವಾರ ಸುಳ್ಯ ತಾಲ್ಲೂಕಿನ ಹರಿಹರ ಪಳ್ಳತ್ತಡ್ಕದ ಸೇತುವೆಗೆ ದಿಮ್ಮಿಗಳು ಅಡ್ಡ ಸಿಕ್ಕಿ ರಾಶಿ ಬಿದ್ವು. ತೆಗೆಯೋಕೆ ಕ್ರೇನ್ ಬೇಕಾಯ್ತು.

ಸೇತುವೆ ಹತ್ರ ಏನಾಗುತ್ತೆ ಅನ್ನೋದು ನಮಗೆ ಚೆನ್ನಾಗೇ ಗೊತ್ತಿರೋ ವಿಷಯ. ಸಿಂಕ್ ಜಾಲರಿಗೆ ಒಂದು ಕರಿಬೇವಿನ ಕಡ್ಡಿ ಅಡ್ಡ ಕೂತ್ರೆ ಸಾಕು. ಅದಕ್ಕೆ ಕೊತ್ತಂಬರಿ ದಂಟು, ಅದರ ಮೇಲೆ ಅನ್ನದ ಅಗುಳು, ಆಮೇಲೆ ಸಿಂಕ್ ತುಂಬಾ ನೀರು. ಅಲ್ಲೂ ಹಾಗೇನೇ. ಬೇರಿರೋ ಒಂದು ದೊಡ್ಡ ಮರ ಕಂಬಕ್ಕೆ ಅಡ್ಡ ಸಿಕ್ಕುತ್ತೆ. ಹಿಂದೆ ಬಂದ ಕೊಂಬೆ, ಬಿದಿರು, ಕಸ ಅದರ ಸಂದೀಲಿ ಸಿಕ್ಕಿ ಚಾಪೆ ಹೆಣೆದ ಹಾಗೆ ಆಗುತ್ತೆ. ನೀರಿಗೆ ದಾರಿ ಇಲ್ಲ. ಅದು ಪಕ್ಕದ ಮನೆ, ಅಂಗಡಿ, ತೋಟಕ್ಕೆ ನುಗ್ಗುತ್ತೆ, ಇಲ್ಲಾ ಸೇತುವೆ ಬದಿಯ ಮಣ್ಣು ಕೊರ್ದು ರಸ್ತೆನೇ ತಗೊಂಡು ಹೋಗುತ್ತೆ. ಮಳೆ ಅಷ್ಟೇ ಬಂದಿರಬಹುದು, ಬಾಯಿ ಕಟ್ಟಿದ್ದಕ್ಕೆ ನೀರು ಇನ್ನೂ ಮೇಲೆ ಏರುತ್ತೆ.

ಹಾಗಂತ ಹೊಳೇಲಿರೋ ಮರ ಎಲ್ಲಾ ಕೆಟ್ಟದ್ದಲ್ಲ ಕಣ್ರೀ. ಕಾಡೊಳಗಿನ ಹಳ್ಳದಲ್ಲಿ ಬಿದ್ದ ಮರ ನೀರಿನ ರಭಸ ತಗ್ಗಿಸುತ್ತೆ. ಅದರ ಅಡಿ ಆದ ಗುಂಡೀಲಿ ಮೀನು, ಏಡಿ ಬದುಕ್ತವೆ. ಅಲ್ಲಿ ಅದು ಹೊಳೇದೇ. ಮೋರಿ ಬಾಯಿ ಸಣ್ಣದಾಗಿರೋ ಕಡೆ ಬಂದಾಗ್ಲೇ ಗಂಡಾಂತರ.

ಈಗ ನಮ್ಮೂರಿಗೆ ಬನ್ನಿ. 2017ರ ಅಕ್ಟೋಬರ್ 13ರ ಸಂಜೆ ಮಳೆ ಯಾರಿಗೆ ಮರೆಯುತ್ತೆ? ಕುರುಬರಹಳ್ಳಿ ರಾಜಕಾಲುವೆ ಉಕ್ಕಿ ಒಬ್ಬ ಅರ್ಚಕರು, ಒಬ್ಬ ತಾಯಿ, ಅವರ ಮಗಳು ಕೊಚ್ಕೊಂಡು ಹೋದ್ರು. ಅವತ್ತು ಮರ ಅಡ್ಡ ಬಿದ್ದಿತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಬೆಟ್ಟ ಇಲ್ಲದ ಊರಲ್ಲೂ ಚಿಕ್ಕ ನೀರಿನ ದಾರಿ ಒಂದೇ ಸಂಜೇಲಿ ಹೊಳೆಯಾಗುತ್ತೆ ಅಂತ ಅವತ್ತೇ ಗೊತ್ತಾಯ್ತು.

ಅದಕ್ಕೇ ಹೇಳ್ತೀನಿ. ಮಳೆಗಾಲಕ್ಕೆ ಮುಂಚೆ ಬೀದೀಲಿ ಕೊಂಬೆ ಕಡೀತಾರೆ. ಕಡಿದ ಕೊಂಬೆ ಎಷ್ಟೋ ಸಲ ಕಾಲುವೆ ಪಕ್ಕದಲ್ಲೇ ವಾರಗಟ್ಟಲೆ ಬಿದ್ದಿರುತ್ತೆ. ನಮ್ಮದಲ್ಲ ಅಂತ ನಾವು ದಾಟಿ ಹೋಗ್ತೀವಿ. ಬೆಲೆ ಇದ್ದಾಗ ತೇಲೋ ಮರಕ್ಕೆ ಹಕ್ಕುದಾರರು ಬೇಕಾದಷ್ಟು ಜನ ಇದ್ರು, ಕಾಯ್ದೆನೂ ಬಂತು. ಅಡ್ಡ ಸಿಕ್ಕ ಮರಕ್ಕೆ ಮಾತ್ರ ಯಜಮಾನ ಇಲ್ಲ. ಮುಂದಿನ ಸಲ ಕೊಂಬೆ ರಾಶಿ ಕಂಡ್ರೆ ವಾರ್ಡ್ ಆಫೀಸಿಗೆ ಒಂದು ಫೋನ್ ಮಾಡಿ, ಫೋಟೋ ಕಳಿಸಿ. ಬೀದಿಯ ನಾಕು ಜನ ಹೆಂಗಸ್ರು ಒಟ್ಟಿಗೆ ಕೇಳಿದ್ರೆ ಬೇಗ ತೆಗೀತಾರೆ.