ಲೆಕ್ಕದ ಬಲದಲ್ಲಿ ಕಡಲು ದಾಟಿದವರು

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎಂ.ಟಿ. ನಾರಾಯಣ ಅಯ್ಯಂಗಾರ್ ಅವರಿಗೆ ಇನ್ನೊಂದು ಹೊರೆಯೂ ಇತ್ತು. ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಗೆ ಅವರೇ ಸಂಪಾದಕರು. 1911ರಲ್ಲಿ ಆ ಪತ್ರಿಕೆಗೆ ಮದರಾಸಿನ ಒಬ್ಬ ತರುಣ ಪ್ರಶ್ನೆಗಳನ್ನೂ ಲೇಖನವನ್ನೂ ಕಳುಹಿಸತೊಡಗಿದ. ಪದವಿ ಪಡೆಯದ ಹುಡುಗ; ಬರವಣಿಗೆ ಬಲು ಬಿಗಿ, ವಿಧಾನ ಹೊಸದು, ನಡುವಿನ ಮೆಟ್ಟಿಲುಗಳೇ ಇಲ್ಲ. ಸಾಮಾನ್ಯ ಓದುಗನಿಗೆ ಅದು ತಲೆಗೆ ಹತ್ತುವುದಿಲ್ಲವೆಂದು ಸಂಪಾದಕರಿಗೆ ಗೊತ್ತಿತ್ತು. ಆದರೂ ಅವರು ಕಾಗದವನ್ನು ಬದಿಗೆ ಸರಿಸಲಿಲ್ಲ. ತಿದ್ದಲು ಹಿಂದಕ್ಕೆ ಕಳುಹಿಸಿದರು, ತಿದ್ದಿ ಬಂದದ್ದನ್ನು ಮತ್ತೆ ಓದಿದರು, ಕೊನೆಗೆ ಅಚ್ಚು ಹಾಕಿಸಿದರು. ಬರ್ನೂಲಿ ಸಂಖ್ಯೆಗಳನ್ನು ಕುರಿತ ಆ ಲೇಖನ ಶ್ರೀನಿವಾಸ ರಾಮಾನುಜನ್ ಅವರ ಮೊದಲ ಪ್ರಕಟಿತ ಸಂಶೋಧನೆ.

ಅದೇ ಪತ್ರಿಕೆಯಲ್ಲಿ ರಾಮಾನುಜನ್ ಓದುಗರ ಮುಂದಿಟ್ಟ ಒಂದು ಪ್ರಶ್ನೆ ಇಂದಿಗೂ ಹೈಸ್ಕೂಲು ಮಕ್ಕಳನ್ನು ಹಿಡಿದು ಕೂರಿಸುತ್ತದೆ. ಒಂದು ವರ್ಗಮೂಲ, ಅದರೊಳಗೆ 1, ಜೊತೆಗೆ 2ರಿಂದ ಗುಣಿಸಿದ ಇನ್ನೊಂದು ವರ್ಗಮೂಲ, ಅದರೊಳಗೆ ಮತ್ತೆ 1, ಜೊತೆಗೆ 3ರಿಂದ ಗುಣಿಸಿದ ಮತ್ತೊಂದು ವರ್ಗಮೂಲ, ಹೀಗೆ ಕೊನೆಯೇ ಇಲ್ಲದೆ. ಇದರ ಬೆಲೆ ಎಷ್ಟು? ಮೂರು ಸಂಚಿಕೆ, ಆರು ತಿಂಗಳು ಕಳೆದರೂ ಯಾರಿಂದಲೂ ಉತ್ತರ ಬರಲಿಲ್ಲ. ಪ್ರಶ್ನೆ ಕೇಳಿದವರೇ ಉತ್ತರ ಕೊಡಬೇಕಾಯಿತು: 3. ಒಳಗಿನ ಕೀಲು ಇಷ್ಟೇ. 3 ಎಂದರೆ 9ರ ವರ್ಗಮೂಲ, 9 ಎಂದರೆ 1 + 2×4. ಆ 4 ಎಂದರೆ 16ರ ವರ್ಗಮೂಲ, 16 ಎಂದರೆ 1 + 3×5. ಆ 5 ಎಂದರೆ 25ರ ವರ್ಗಮೂಲ, 25 ಎಂದರೆ 1 + 4×6. ಒಂದೊಂದು ಸಂಖ್ಯೆಯನ್ನೂ ಹೀಗೆ ಬಿಡಿಸುತ್ತಾ ಹೋದರೆ ರಾಮಾನುಜನ್ ಬರೆದ ಸಾಲು ತಾನಾಗಿ ಮೂಡುತ್ತದೆ.

ಮೂರು ವರ್ಷದ ನಂತರ, 1914ರ ಮಾರ್ಚ್ 17ರಂದು, ರಾಮಾನುಜನ್ 'ನೆವಾಸಾ' ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವಿದ್ಯಾರ್ಥಿವೇತನ ಕೊಟ್ಟಿತ್ತು. ಹಡಗಿನ ಟಿಕೆಟ್ಟು, ಹೊಸ ಬಟ್ಟೆಬರೆಯ ಖರ್ಚು ಬೇರೆ. ಆ 250ರಲ್ಲಿ 50 ಪೌಂಡ್ ಊರಿನ ಮನೆಗೆ ಹೋಗುತ್ತಿತ್ತು. ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು 60 ಪೌಂಡ್ ಸೇರಿಸಿತು. ಇಂದಿನವರು ಫುಲ್ ಸ್ಕಾಲರ್‌ಶಿಪ್ ಎನ್ನುವುದು ಇದನ್ನೇ: ಶುಲ್ಕ, ಊಟ, ವಸತಿ, ಪ್ರಯಾಣ, ಯಾವುದಕ್ಕೂ ಮನೆಯವರು ಕೈ ಒಡ್ಡಬೇಕಿಲ್ಲ. ಇದನ್ನು ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿ ರಾಮಾನುಜನ್ ಅವರನ್ನು ಗುರುತಿಸಿದ ಕಥೆಯಾಗಿ ಜಗತ್ತು ಹೇಳುತ್ತದೆ, ಅದು ನಿಜವೂ ಹೌದು. ಆದರೆ ಹಾರ್ಡಿಗೆ 1913ರಲ್ಲಿ ರಾಮಾನುಜನ್ ಬರೆದ ಪ್ರಸಿದ್ಧ ಪತ್ರ ಹೋಗುವ ಮೊದಲೇ ಬೆಂಗಳೂರಿನ ಒಬ್ಬ ಮೇಷ್ಟ್ರು ಅವರನ್ನು ಸಾಲು ಸಾಲಾಗಿ ಓದಿದ್ದರು. ಗಣಿತದ ವಿದ್ಯಾರ್ಥಿವೇತನಗಳ ಚರಿತ್ರೆಯಲ್ಲಿ ಈ ಓದುಗನಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಆ ಮೇಷ್ಟ್ರ ಕಾಲದಲ್ಲಿ ಬೆಂಗಳೂರು ಒಂದು ಊರಲ್ಲ, ಎರಡು. ಪಶ್ಚಿಮಕ್ಕೆ ಮೈಸೂರು ಮಹಾರಾಜರ ಪೇಟೆ. ಪೂರ್ವಕ್ಕೆ, ಹಲಸೂರು ಕೆರೆಯ ಸುತ್ತ, 1809ರಿಂದ ಬೆಳೆದ ಬ್ರಿಟಿಷರ ದಂಡು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದರೂ ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ದಂಡಿನಲ್ಲಿ 1865ರ ಬಿಷಪ್ ಕಾಟನ್ ಶಾಲೆಯಂಥ ಇಂಗ್ಲಿಷ್ ಶಾಲೆಗಳಿದ್ದವು. ಬಡ ಮಕ್ಕಳಿಗಾಗಿ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್ 1873ರಲ್ಲಿ ತೆರೆದ ಶಾಲೆಯೂ ಈ ಸೀಮೆಯದೇ. ಮೇಲಿನ ಓದಿಗೆ ಮಾತ್ರ ಎರಡೂ ಊರಿನ ಹುಡುಗರು ಮದರಾಸಿನ ಕಡೆ ಮುಖ ಮಾಡಬೇಕಿತ್ತು. 1858ರಲ್ಲಿ ಬೆಂಗಳೂರು ಹೈಸ್ಕೂಲಾಗಿ ಹುಟ್ಟಿ 1875ರಲ್ಲಿ ಹೆಸರು ಬದಲಿಸಿಕೊಂಡ ಸೆಂಟ್ರಲ್ ಕಾಲೇಜು ಕೂಡ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೆ, ಮದರಾಸು ವಿಶ್ವವಿದ್ಯಾಲಯದ ಅಧೀನ. 1864ರಲ್ಲಿ ದಂಡಿಗೆ ಬಂದ ರೈಲು ಜೋಲಾರಪೇಟೆಯ ಮೂಲಕ ಮದರಾಸಿಗೆ ದಾರಿ ತೆರೆದಿತ್ತು.

ಕಡಲಾಚೆಯ ಓದಿಗೆ ದುಡ್ಡಿನ ದಾರಿಗಳು ಕಡಿಮೆ. ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿಗೆ ಹೋದ ರಘುನಾಥ ಪರಾಂಜಪೆ 1899ರಲ್ಲಿ ಅಲ್ಲಿನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಆದಾಗ ಊರೂರುಗಳ ಗಣಿತ ಮೇಷ್ಟ್ರುಗಳಿಗೆ ಆಸೆ ಚಿಗುರಿತು. ಕನ್ನಡಿಗರಿಗೆ ಅಂಥ ಗೌರವ ಹತ್ತಿರವಾದದ್ದು ಗೋಕಾಕ ಸೀಮೆಯ ಮಮದಾಪುರದ ಡಿ.ಸಿ. ಪಾವಟೆಯವರಿಂದ. ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಡ್ಜಿಗೆ ಹೋಗಿ ಅದೇ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು ರ‍್ಯಾಂಗ್ಲರ್ ಆದ ಅವರು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು. ಇನ್ನು 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ದತ್ತಿ ಎಷ್ಟೋ ಜನರನ್ನು ಕಡಲು ದಾಟಿಸಿತು. ಆದರೆ ಅದು ಕೊಟ್ಟದ್ದು ಸಾಲ, ತೀರಿಸಬೇಕಾದದ್ದು.

ಬೆಂಗಳೂರಿನ ಮಟ್ಟಿಗೆ ಈ ಕಥೆ ಬಿಗಿಯಾಗುವುದು ಎರಡನೆಯ ಮಹಾಯುದ್ಧದ ಕಾಲಕ್ಕೆ. ಭೌತವಿಜ್ಞಾನಿ ಹೋಮಿ ಭಾಭಾ ಅವರ ಅಜ್ಜ ಹೋರ್ಮಸ್‌ಜಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಮೊಮ್ಮಗ ಕೇಂಬ್ರಿಡ್ಜಿನಲ್ಲಿ ಅಪ್ಪನ ಮಾತಿಗೆ ಎಂಜಿನಿಯರಿಂಗ್ ಮುಗಿಸಿ, ತನ್ನ ಮನಸ್ಸಿಗೆ ಗಣಿತ ಓದಿ, ಗಣಿತಕ್ಕೆಂದೇ ಇದ್ದ ರೌಸ್ ಬಾಲ್ ಪ್ರವಾಸಿ ವಿದ್ಯಾರ್ಥಿವೇತನ ಗೆದ್ದರು. 1939ರಲ್ಲಿ ರಜೆಗೆ ಬಂದಾಗ ಯುದ್ಧ ಶುರುವಾಯಿತು. ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1943ರಲ್ಲಿ ಅಲಹಾಬಾದಿನಿಂದ ಹರೀಶ್‌ಚಂದ್ರ ಎಂಬ ಇಪ್ಪತ್ತರ ಹುಡುಗ ಅವರ ಬಳಿ ಭೌತವಿಜ್ಞಾನ ಮಾಡಲು ಬಂದ. ಅದೇ 1943ರಲ್ಲಿ ಅದೇ ಸಂಸ್ಥೆಗೆ, ಬೇರೆ ವಿಭಾಗಕ್ಕೆ, ಸೆಂಟ್ರಲ್ ಕಾಲೇಜಿನ ಗಣಿತ ಎಂ.ಎಸ್ಸಿ. ಹಿಡಿದು ಒಬ್ಬ ಹುಡುಗಿ ಬಂದಳು. ಹೆಸರು ರಾಜೇಶ್ವರಿ.

ಹರೀಶ್‌ಚಂದ್ರರ ದಾರಿ ಬೇಗ ತೆರೆಯಿತು. ಭಾಭಾ ಅವರ ಶಿಫಾರಸಿನ ಮೇಲೆ 1945ರಲ್ಲಿ ಕೇಂಬ್ರಿಡ್ಜಿಗೆ, ಭೌತವಿಜ್ಞಾನಿ ಡಿರಾಕ್ ಅವರ ಬಳಿಗೆ ಹೋದರು. ಅಲ್ಲಿಂದ ಡಿರಾಕ್ ಜೊತೆ ಪ್ರಿನ್ಸ್‌ಟನ್‌ಗೆ ಹೋದವರು ಭೌತವಿಜ್ಞಾನ ಬಿಟ್ಟು ಗಣಿತಕ್ಕೆ ಹೊರಳಿದರು. ಇಪ್ಪತ್ತನೆಯ ಶತಮಾನದ ದೊಡ್ಡ ಗಣಿತಜ್ಞರ ಸಾಲಿನಲ್ಲಿ ನಿಂತರು. ಬೆಂಗಳೂರಿನಲ್ಲಿ ಅವರನ್ನು ಮನೆಯ ಮಗನಂತೆ ಇಟ್ಟುಕೊಂಡದ್ದು ಸಂಸ್ಥೆಯ ಗ್ರಂಥಪಾಲಕ ಕಾಳೆಯವರ ಕುಟುಂಬ. ಆ ಮನೆಯ ಮಗಳು ಲಲಿತಾ ಅವರನ್ನೇ ಮುಂದೆ ಮದುವೆಯಾದರು.

ರಾಜೇಶ್ವರಿಯವರ ದಾರಿ ಇಷ್ಟು ನೇರವಲ್ಲ. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪ, ವಿಧವೆಯರ ಮತ್ತು ಗಂಡ ಬಿಟ್ಟವರ ಓದಿಗಾಗಿ ದುಡಿದವರು. ಅವರು ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಮೊದಲ ಪಾಠ. ಸೆಂಟ್ರಲ್ ಕಾಲೇಜಿನ ಬಿ.ಎಸ್ಸಿ. ಆನರ್ಸ್‌ನಲ್ಲೂ ಎಂ.ಎಸ್ಸಿ.ಯಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರು. ಆಗ ಬಂದ ಬಹುಮಾನಗಳಲ್ಲಿ ಒಂದರ ಹೆಸರು ಓದುಗರು ಗಮನಿಸಬೇಕು: ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ. ರಾಮಾನುಜನ್‌ರ ಮೊದಲ ಲೇಖನವನ್ನು ತಾಳ್ಮೆಯಿಂದ ತಿದ್ದಿಸಿದ ಅದೇ ಮೇಷ್ಟ್ರ ಹೆಸರಿನಲ್ಲಿ ಅವರ ಕಾಲೇಜಿನ ಹೆಣ್ಣುಮಗಳು ಗಣಿತದ ಗೌರವ ಪಡೆದಳು.

ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುವ ಆಸೆ ರಾಜೇಶ್ವರಿಯವರಿಗೆ ಇತ್ತು. ಭೌತವಿಜ್ಞಾನದ ಪದವಿ ಇಲ್ಲವೆಂದು ಅವರು ಸೇರಿಸಿಕೊಳ್ಳಲಿಲ್ಲ. ವಿದ್ಯುತ್ ವಿಭಾಗ ಬಾಗಿಲು ತೆರೆಯಿತು. ಯುದ್ಧ ಮುಗಿದ ಮೇಲೆ ದೆಹಲಿಯ ಸರ್ಕಾರ ತರುಣ ವಿಜ್ಞಾನಿಗಳನ್ನು ಹೊರದೇಶಕ್ಕೆ ಕಳುಹಿಸಲು ವಿದ್ಯಾರ್ಥಿವೇತನ ಸಾರಿತು. ರಾಜೇಶ್ವರಿ ಅರ್ಜಿ ಹಾಕಿದರು, 1946ರಲ್ಲಿ ಆಯ್ಕೆಯಾದರು. ಆದರೆ ಅವರಿಗೆ ಆ ಹಣ ಸಿಕ್ಕಿದ್ದು ಗಣಿತಕ್ಕಲ್ಲ, ಎಲೆಕ್ಟ್ರಾನಿಕ್ಸ್‌ಗೆ. ಹೊಸ ದೇಶಕ್ಕೆ ರೇಡಿಯೋ ಬೇಕಿತ್ತು, ರೇಡಾರ್ ಬೇಕಿತ್ತು. ಭೌತವಿಜ್ಞಾನಕ್ಕೆಂದು ಹೋದವನು ಗಣಿತಜ್ಞನಾದ. ಗಣಿತದಲ್ಲಿ ಮೊದಲು ಬಂದವಳು ಎಂಜಿನಿಯರಾದಳು. ಯಾವ ವಿಷಯಕ್ಕೆ ದುಡ್ಡು ಎಂಬ ಸರ್ಕಾರಿ ತೀರ್ಮಾನ ಒಂದು ಬದುಕನ್ನು ಎಷ್ಟು ತಿರುಗಿಸಬಲ್ಲದೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವರು ಗಣಿತವನ್ನು ಕಳೆದುಕೊಂಡರೆಂದು ಮಾತ್ರ ಹೇಳುವಂತಿಲ್ಲ. ಮುಂದೆ ಅವರು ಜೀವನವಿಡೀ ಕಲಿಸಿದ ವಿದ್ಯುತ್ಕಾಂತೀಯ ಸಿದ್ಧಾಂತ ನಿಂತಿರುವುದೇ ಮ್ಯಾಕ್ಸ್‌ವೆಲ್ ಸಮೀಕರಣಗಳ ಮೇಲೆ.

1947ರ ಜುಲೈನಲ್ಲಿ ಅವರು ಹಡಗು ಹತ್ತಿದರು. ಅದೇ ತಿಂಗಳ 26ರಂದು ದಂಡುಪ್ರದೇಶ ಮೈಸೂರಿಗೆ ಮರಳಿತು. ಒಂದು ತಿಂಗಳ ಸಮುದ್ರಯಾನ ಮುಗಿಸಿ ಅವರು ಅಮೆರಿಕ ತಲುಪುವ ಹೊತ್ತಿಗೆ ಎರಡೂ ಊರು ಒಂದೇ ಸರ್ಕಾರದ ಕೈಗೆ ಬಂದಿದ್ದವು.

ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ. ಸರ್ಕಾರದ ಕರಾರಿನಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ. ಅಲ್ಲಿಗೆ ಸರ್ಕಾರದ ಹಣ ಮುಗಿಯಿತು, ಓದು ಮುಗಿದಿರಲಿಲ್ಲ. ಆಗ ಕೈ ಹಿಡಿದದ್ದು ಬಾರ್ಬರ್ ವಿದ್ಯಾರ್ಥಿವೇತನ. ಲೀವೈ ಬಾರ್ಬರ್ ಎಂಬವರು ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ 1917ರಲ್ಲಿ ಮಿಶಿಗನ್‌ನಲ್ಲಿ ಇಟ್ಟ ದತ್ತಿ ಅದು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಅದರ ಫಲವೇ. 1953ರಲ್ಲಿ ಡಾಕ್ಟರೇಟ್ ಪಡೆದು ರಾಜೇಶ್ವರಿ ಬೆಂಗಳೂರಿಗೆ ಮರಳಿದರು, ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು, ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯನ್ನು ಇಲ್ಲಿ ಕಟ್ಟಿದವರಲ್ಲಿ ಅವರು ಮೊದಲಿಗರು. 1982ರಲ್ಲಿ ನಿವೃತ್ತಿ, 2010ರಲ್ಲಿ ನಿಧನ.

ಇಂದು ಹಡಗಿಲ್ಲ, ಪೌಂಡಿನ ಲೆಕ್ಕವೂ ಇಲ್ಲ. ಅಮೆರಿಕದ ದೊಡ್ಡ ಗಣಿತ ವಿಭಾಗಗಳು ಪಿಎಚ್‌.ಡಿ.ಗೆ ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ, ತಿಂಗಳ ಸಂಬಳ ಕೊಡುತ್ತವೆ. ಪ್ರತಿಯಾಗಿ ವಿದ್ಯಾರ್ಥಿ ಪದವಿ ತರಗತಿಗಳಿಗೆ ಕಲನಶಾಸ್ತ್ರ ಕಲಿಸಬೇಕು. ಬದಲಾಗದೆ ಉಳಿದಿರುವುದು ಶಿಫಾರಸು ಪತ್ರ. ಅರ್ಜಿಯ ಜೊತೆ ಸಾಮಾನ್ಯವಾಗಿ ಮೂರು ಪತ್ರ ಬೇಕು, ಬರೆಯುವವರು ಹುಡುಗನ ಅಥವಾ ಹುಡುಗಿಯ ಗಣಿತವನ್ನು ನಿಜವಾಗಿ ಓದಿರಬೇಕು. ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಈ ಪತ್ರದ ಜಾಗ ತುಂಬುವುದಿಲ್ಲ.

ಅಂಥ ಓದುಗರು ನಗರದಲ್ಲಿ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಪದವಿ ತರಗತಿ ನಡೆಸುತ್ತಿದೆ, ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಗಣಿತಕ್ಕೆಂದೇ ಬಿ.ಮ್ಯಾಥ್ ಕಲಿಸುತ್ತದೆ. ಕೆ.ಆರ್. ಪುರದಲ್ಲಿ ನೇರಳೆ ಮೆಟ್ರೊ ಹತ್ತಿದವರು ಇಂದಿರಾನಗರ, ಹಲಸೂರು ದಾಟಿ, ಸೆಂಟ್ರಲ್ ಕಾಲೇಜಿನ ನಿಲ್ದಾಣವನ್ನೂ ದಾಟಿ, ಅದೇ ಗಾಡಿಯಲ್ಲಿ ಮೈಸೂರು ರಸ್ತೆಗೆ ಹೋಗಬಹುದು. ಆದರೆ ಆ ಎರಡೂ ಕಡೆ ಪ್ರವೇಶ ಸಿಗುವುದು ಕೆಲವೇ ಮಕ್ಕಳಿಗೆ. ಶಿವಾಜಿನಗರದ, ಹಲಸೂರಿನ ಸಾಮಾನ್ಯ ಕಾಲೇಜುಗಳಲ್ಲಿ ಬಿ.ಎಸ್ಸಿ. ಗಣಿತ ಓದುವವರನ್ನು ಓದುವವರು ಯಾರು?

ಇಂದಿರಾನಗರದಲ್ಲಿ, ದಂಡಿನ ಹಳೆಯ ಬಡಾವಣೆಗಳಲ್ಲಿ, ಹೊರದೇಶದ ಹಣದಲ್ಲಿ ಮೇಲಿನ ಓದು ಮುಗಿಸಿ ಬಂದವರ, ಅಲ್ಲೇ ನೆಲೆ ನಿಂತವರ ಮನೆಗಳು ಬೇಕಾದಷ್ಟಿವೆ. ಅವರಲ್ಲಿ ಗಣಿತ ಕಲಿತವರು ಹತ್ತಿರದ ಒಂದು ಕಾಲೇಜಿಗೆ ನಾರಾಯಣ ಅಯ್ಯಂಗಾರ್ ಬಹುಮಾನದಂಥ ಒಂದು ದತ್ತಿ ಇಡಲಿ, ವಾರಕ್ಕೊಂದು ಸಂಜೆ ಹೋಗಿ ಅಲ್ಲಿನ ಮಕ್ಕಳು ಬರೆದ ಗಣಿತವನ್ನು ಕುಳಿತು ಓದಲಿ.