ತದಡಿಯ ಅಳಿವೆಯಲ್ಲಿ ಬಳಚಿನ ಕಾಲ

ಕುಮಟಾ ತಾಲೂಕಿನ ನಕ್ಷೆಯಲ್ಲಿ ತದಡಿ ಒಂದು ಚುಕ್ಕೆ. ಎದುರು ದಡದಲ್ಲಿ ಅಘನಾಶಿನಿ ಎಂಬ ಊರು, ನದಿಯ ಹೆಸರೇ ಊರಿಗೂ. ನಡುವೆ ಅಳಿವೆ, ದಾಟಲು ತಾರಿ. ಶಿರಸಿಯ ಶಂಕರಹೊಂಡದಲ್ಲೂ ಮಂಜುಗುಣಿಯಲ್ಲೂ ಹುಟ್ಟಿದ ಎರಡು ಹಳ್ಳಗಳು ಕೂಡಿ ನದಿಯಾಗಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಇಲ್ಲಿ ಕಡಲು ಸೇರುತ್ತವೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜನಸಂಖ್ಯೆ, ಶಾಲೆ, ಅಂಚೆ ಕಚೇರಿಯ ಲೆಕ್ಕ ಬೇಕಾದವರಿಗೆ ತಾಲೂಕು ಕಚೇರಿ ಇದೆ.

ಇಲ್ಲಿಯ ಚರಿತ್ರೆ ಅಂದರೆ ಎಲ್ಲರೂ ಬೆರಳು ತೋರಿಸುವುದು ಹೊಳೆಯ ಮೇಲ್ಭಾಗದ ಮಿರ್ಜಾನ ಕೋಟೆಯತ್ತ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಕಟ್ಟಿಸಿದ್ದು ಎಂಬುದು ಊರವರ ಮಾತು. ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕ್ ಕಟ್ಟಿಸಿದ ಎಂಬುದು ಇನ್ನೊಂದು ವಾದ. ಅಗೆತದಲ್ಲಿ ಚೀನೀ ಪಿಂಗಾಣಿಯ ಚೂರುಗಳ ಜೊತೆಗೆ, ಪೋರ್ಚುಗೀಸ್ ವೈಸರಾಯ್ 1652ರಲ್ಲಿ ಟಂಕಿಸಿದ ಚಿನ್ನದ ನಾಣ್ಯವೂ ಸಿಕ್ಕಿತು. ನಾಣ್ಯ ವ್ಯಾಪಾರ ನಡೆದದ್ದನ್ನು ಹೇಳುತ್ತದೆ, ಕಲ್ಲು ಯಾರು ಹೊರಿಸಿದರು ಎಂಬುದನ್ನು ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ತಕರಾರು ಮುಜಿರಿಸ್‌ನದು. ರೋಮನರು ಮೆಣಸಿಗಾಗಿ ಹಡಗು ಕಳಿಸುತ್ತಿದ್ದ ಆ ಬಂದರು ಮಿರ್ಜಾನವೇ ಎಂದು ಹಿಂದಿನ ಕೆಲವು ಇಂಗ್ಲಿಷ್ ಪಂಡಿತರು ಬರೆದರು. ಹೆಸರಿನ ಸದ್ದು ಬಿಟ್ಟರೆ ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 2007ರಿಂದ ಕೇರಳದ ಪಟ್ಟಣಂನಲ್ಲಿ ರೋಮನ್ ಮದ್ಯದ ಜಾಡಿಗಳ ಚೂರು ರಾಶಿ ರಾಶಿಯಾಗಿ ಸಿಕ್ಕಿದ ಮೇಲೆ ವಿದ್ವಾಂಸರ ಒಲವು ಆ ಕಡೆಗಾಯಿತು. ನಮ್ಮಲ್ಲಿ ಭಾಷಣ ಮಾಡುವವರು ಮಾತ್ರ ಇನ್ನೂ ಮುಜಿರಿಸನ್ನು ಬಿಟ್ಟುಕೊಟ್ಟಿಲ್ಲ. ನನಗೆ ಅದರ ಹಟ ಇಲ್ಲ. ಮೆಣಸು ಘಟ್ಟದಿಂದ ಇಳಿದು ಹಡಗು ಹತ್ತಿ ಹೋಯಿತು. ಇಲ್ಲೇ ಉಳಿದು ಊರನ್ನು ಸಾಕಿದ್ದು ಕೆಸರಿನಲ್ಲಿ ಬದುಕುವ ಚಿಪ್ಪುಜೀವಿ, ಬಳಚು. ಅದರ ಬಗ್ಗೆ ಯಾವ ಕೋಟೆಯ ಗೋಡೆಯಲ್ಲೂ ಬರೆದಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಹೊಳೆಯಲ್ಲಿ ಸಿಹಿನೀರಿನ ಜೋರು ತಗ್ಗುತ್ತದೆ, ಉಪ್ಪುನೀರು ಮೇಲೇರುತ್ತದೆ. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಕಟ್ಟುವುದೂ ಇದೇ ದಿನಗಳಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ದೊಡ್ಡದು. ಹೊಳೆಯ ನಡುವೆ ಕೆಸರು ದಿಬ್ಬಗಳು ಬೆನ್ನು ತೋರಿಸುತ್ತವೆ. ಅಂಬಿಗರ, ಹರಿಕಾಂತರ, ಹಾಲಕ್ಕಿಗಳ ಕೇರಿಗಳಿಂದ ಹೆಂಗಸರು ಸೀರೆ ಎತ್ತಿ ಕಟ್ಟಿ, ದೋಣಿಯಲ್ಲಿ ಅಲ್ಲಿಗೆ ಹೋಗುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹಿಮ್ಮಡಿ ಊರಿ, ಬೆರಳಿನಿಂದ ಕೆಸರು ಕೆದಕುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಗಟ್ಟಿ ತಾಗಿದರೆ ಕಾಲು ಅಲ್ಲೇ ನಿಲ್ಲುತ್ತದೆ, ಕೈ ಮುಳುಗುತ್ತದೆ, ಬಳಚು ಬುಟ್ಟಿಗೆ ಬೀಳುತ್ತದೆ. ಕಲ್ಲೋ ಬಳಚೋ ಎಂದು ನೋಡಬೇಕಾಗಿಲ್ಲ. ಚಿಕ್ಕದು ಸಿಕ್ಕರೆ ಅನುಭವಸ್ಥರು ಕೈಯೆತ್ತದೆ ಅಲ್ಲೇ ಬಿಡುತ್ತಾರೆ. ಕಲುವ ಎಂಬ ಇನ್ನೊಂದು ಚಿಪ್ಪಿನ ಅಂಚು ಮಾತ್ರ ಕತ್ತಿಯಂತೆ. ಅಂಗಾಲು ಸೀಳದ ಹೆಂಗಸು ಈ ದಡದಲ್ಲಿ ಇರಲಾರಳು. ನೀಲಿಕಲ್ಲು ಎಂಬ ಚಿಪ್ಪು ಬೇಕಾದರೆ ಬಂಡೆಗೆ ಹೋಗಬೇಕು, ಅದು ಮುಳುಗು ಹಾಕುವ ಗಂಡಸರ ಕೆಲಸ.

ನೋಡಲು ಹೋದ ನಾನು ಹೊತ್ತುಗೊತ್ತು ತಿಳಿಯದೆ ದಡದಲ್ಲಿ ಕಾಯುತ್ತಿದ್ದಾಗ ಒಬ್ಬ ಮುದುಕಿ ನಕ್ಕರು: “ಅಷ್ಟಮಿ ದಿವ್ಸ ಯಾರಾದ್ರೂ ಬಳಚಿಗೆ ಬತ್ರೇನ ತಮಾ? ಅಮಾಸಿ ಕಳದ ಮೇಲೆ ಬಾ.”

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಹೊರಬರುತ್ತಿದ್ದವು, ಬೆಲೆ 5.78 ಕೋಟಿ ರೂಪಾಯಿ. ಮನೆಯಲ್ಲೇ ಬೆಂದ ಬಳಚು ಇದರಲ್ಲಿ ಎಷ್ಟು ಸೇರಿತ್ತೋ. ಬಿಸಿನೀರು ತಾಗಿದೊಡನೆ ಬಾಯಿ ಬಿಡುವ ಬಳಚು, ತೆಂಗಿನಕಾಯಿ, ಒಂದಿಷ್ಟು ಹುಳಿ. ಬಡವರ ಮನೆಯ ಬೇಸಗೆ ಹಾಗೆ ಕಳೆದಿದೆ.

ಪಕ್ಕದ ಶರಾವತಿಯ ಅಳಿವೆಯಲ್ಲೂ ಹೀಗೆಯೇ ಇತ್ತು. ಲಿಂಗನಮಕ್ಕಿ ಅಣೆಕಟ್ಟಿನಿಂದ ಕರೆಂಟು ತೆಗೆದ ನೀರು ವರ್ಷವಿಡೀ ಹೊನ್ನಾವರಕ್ಕೆ ಇಳಿಯತೊಡಗಿ ಬೇಸಗೆಯಲ್ಲೂ ಹೊಳೆ ಸಪ್ಪೆಯಾಯಿತು, ಅಲ್ಲಿಯ ಬಳಚು ಬಹುಪಾಲು ನಿಂತೇ ಹೋಯಿತು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಕ್ರಮ ಉಳಿದಿರುವುದು ಅದರಿಂದ. ಅಳಿವೆಯಂಚಿನ ತಗ್ಗು ಗದ್ದೆಗಳಾದ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತಕ್ಕೂ ಇದೇ ಲೆಕ್ಕ: ಮಳೆನೀರು ಉಪ್ಪು ತೊಳೆದಾಗ ಮೊಳೆತು, ಉಪ್ಪು ಮರಳುವ ಮೊದಲು ತೆನೆ. ಕೊಯ್ಲಾದ ಗದ್ದೆಗೆ ಭರತದ ನೀರು ಬಿಟ್ಟರೆ ಶೆಟ್ಲಿ (ಸಿಗಡಿ), ಏಡಿ ತಾವಾಗಿ ಬರುತ್ತವೆ. 1990ರ ದಶಕದ ಸಿಗಡಿ ಕೃಷಿಯ ಭರಾಟೆಯಲ್ಲಿ ಎಷ್ಟೋ ಗಜನಿಗಳು ಬರೀ ಕೆರೆಗಳಾದವು. ಕಗ್ಗ ಬಿತ್ತುವವರು ಈಗ ವಿರಳ.

2000ದ ದಶಕದಲ್ಲಿ ತದಡಿಗೆ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ತರಲು ಹೊರಟಿದ್ದರು. ಊರು ಎದ್ದು ನಿಂತಿತು, ಯೋಜನೆ ಹಿಂದೆ ಸರಿಯಿತು. ಈಗಿನ ಪ್ರಸ್ತಾಪ ಅಘನಾಶಿನಿಯ ನೀರನ್ನು ಘಟ್ಟದ ಮೇಲೆಯೇ ತಿರುಗಿಸಿ ವೇದಾವತಿಗೆ ಸೇರಿಸುವುದು. ವೇದಾವತಿ ಹರಿಯುವ ಚಿತ್ರದುರ್ಗ, ಅದರಾಚೆಯ ಕಲ್ಯಾಣದುರ್ಗದ ಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಈ ಹೊಳೆ ಸುಮ್ಮನೆ ಸಮುದ್ರಕ್ಕೆ ಹರಿದು ಪೋಲಾಗುತ್ತದೆ ಎಂಬ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ನೀರು ತರುವ ಹೂಳಿನ ಮೇಲೆಯೇ ಬಳಚು ಬದುಕುವುದು, ಅದು ತೊಳೆದ ಗದ್ದೆಯಲ್ಲೇ ಕಗ್ಗ ಮೊಳೆಯುವುದು. ಪೋಲಿನ ಲೆಕ್ಕ ಬರೆಯುವವರು ಆ 22 ಸಾವಿರ ಟನ್ನನ್ನು ಯಾವ ಕಾಲಮ್ಮಿನಲ್ಲಿ ಹಾಕಿದ್ದಾರೆ ಎಂದು ಊರವರು ಕೇಳುತ್ತಿದ್ದಾರೆ.