ಪ್ರಾಗ್ ಬಿದ್ದಿತು, ಹೆಲ್ಸಿಂಕಿ ಉಳಿಯಿತು

ಎರಡು ಕೋಣಗಳು ಕಾದಾಡಿದರೆ ಗಿಡಕ್ಕೆ ಮಿತ್ತು ಎಂಬ ಮಾತು ಕನ್ನಡಿಗರಿಗೆ ಹಳೆಯದು. ಆದರೆ ಎಲ್ಲ ಗಿಡಗಳೂ ಒಂದೇ ರೀತಿ ತುಳಿತಕ್ಕೆ ಸಿಕ್ಕುವುದಿಲ್ಲ. ೧೯೪೮ರ ಫೆಬ್ರವರಿಯ ಕೊನೆಯ ವಾರ ಯೂರೋಪಿನ ಎರಡು ಚಿಕ್ಕ ಪ್ರಜಾಪ್ರಭುತ್ವಗಳು ಒಂದೇ ಬಿರುಗಾಳಿಗೆ ಒಡ್ಡಿಕೊಂಡಿದ್ದವು. ಜೆಕೊಸ್ಲೊವಾಕಿಯದಲ್ಲಿ ಫೆಬ್ರವರಿ ೨೦ರಂದು ಹನ್ನೆರಡು ಮಂದಿ ಸಚಿವರು ರಾಜೀನಾಮೆ ಕೊಟ್ಟರು. ಐದು ದಿನಗಳಲ್ಲಿ ಅಲ್ಲಿನ ಪ್ರಜಾಪ್ರಭುತ್ವದ ಕಥೆ ಮುಗಿಯಿತು. ಅದೇ ವಾರ, ಫೆಬ್ರವರಿ ೨೨ರ ದಿನಾಂಕ ಹೊತ್ತ ಸ್ಟಾಲಿನ್‌ನ ಪತ್ರವೊಂದು ಫಿನ್ಲೆಂಡಿನ ಅಧ್ಯಕ್ಷ ಪಾಸಿಕಿವಿಯವರ ಹೆಸರಿಗೆ ಹೊರಟಿತು. ಪರಸ್ಪರ ನೆರವಿನ ಒಪ್ಪಂದವೊಂದು ಆಗಬೇಕೆಂಬುದು ಅದರ ಒಕ್ಕಣೆ. ಮುಂದಿನ ಸರದಿ ಹೆಲ್ಸಿಂಕಿಯದೆಂದು ಪಶ್ಚಿಮದ ಪತ್ರಿಕೆಗಳು ಆಗಲೇ ಬರೆಯತೊಡಗಿದ್ದವು. ಆ ಸರದಿ ಬರಲಿಲ್ಲ.

ಏಕೆ ಬರಲಿಲ್ಲವೆಂಬುದಕ್ಕೆ ಸುಲಭದ ಉತ್ತರವೊಂದುಂಟು: ಜೆಕೊಸ್ಲೊವಾಕಿಯದಲ್ಲಿ ಸೋವಿಯತ್ ಸೈನ್ಯವಿತ್ತು, ಫಿನ್ಲೆಂಡಿನಲ್ಲಿ ಇರಲಿಲ್ಲ ಎಂಬುದು. ಇದು ಸರಿಯಲ್ಲ. ಕೆಂಪು ಸೈನ್ಯ ಜೆಕೊಸ್ಲೊವಾಕಿಯವನ್ನು ೧೯೪೫ರ ಕೊನೆಗೇ ಬಿಟ್ಟುಹೋಗಿತ್ತು. ಅದಕ್ಕೆ ಬದಲಾಗಿ, ಹೆಲ್ಸಿಂಕಿಗೆ ಕೂಗಳತೆಯ ದೂರವೆನ್ನಬಹುದಾದ ಪೋರ್ಕಲ ಪ್ರದೇಶ ೧೯೪೪ರಿಂದ ಸೋವಿಯತ್ ನೌಕಾನೆಲೆಯಾಗಿತ್ತು. ಅದು ಫಿನ್ನರಿಗೆ ಮರಳಿದ್ದು ೧೯೫೬ರಲ್ಲಿ. ಫಿನ್ಲೆಂಡ್ ಸೋತ ದೇಶ. ಕರೇಲಿಯವನ್ನು ಕಳೆದುಕೊಂಡು, ಅಲ್ಲಿಂದ ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ನೆಲೆ ಕೊಟ್ಟು, ಮೂವತ್ತು ಕೋಟಿ ಡಾಲರಿನ ಯುದ್ಧಪರಿಹಾರವನ್ನು ಸರಕಿನ ರೂಪದಲ್ಲಿ ತೆರುತ್ತಿದ್ದ ದೇಶ. ಜೆಕೊಸ್ಲೊವಾಕಿಯವೋ ಗೆದ್ದವರ ಸಾಲಿನಲ್ಲಿ ನಿಂತಿತ್ತು. ಮಧ್ಯ ಯೂರೋಪಿನಲ್ಲಿ ೧೯೩೮ರವರೆಗೆ ಸಂಸದೀಯ ಪದ್ಧತಿಯನ್ನು ಉಳಿಸಿಕೊಂಡ ಕೀರ್ತಿಯೂ ಅದರದೇ. ಜಾತಕ ನೋಡಿದವರು ಪ್ರಾಗ್ ಉಳಿಯುತ್ತದೆಂದೇ ಹೇಳುತ್ತಿದ್ದರು.

ಪ್ರಾಗ್‌ನ ಪತನವನ್ನು ಫೆಬ್ರವರಿಯಿಂದ ಓದತೊಡಗಿದರೆ ಅರ್ಥವಾಗದು. ೧೯೪೫ರ ಏಪ್ರಿಲ್‌ನ ಕೊಷಿತ್ಸೆ ಕಾರ್ಯಕ್ರಮದಿಂದ ಓದಬೇಕು. ಅದರಂತೆ ರಾಷ್ಟ್ರೀಯ ರಂಗಕ್ಕೆ ಸೇರಿದ ಪಕ್ಷಗಳಿಗೆ ಮಾತ್ರ ಅಸ್ತಿತ್ವ. ಯುದ್ಧಪೂರ್ವದ ಬಲಿಷ್ಠ ರೈತ ಪಕ್ಷ ನಿಷಿದ್ಧವಾಯಿತು. ಸಂಸತ್ತಿನಲ್ಲಿ ಕುಳಿತವರೆಲ್ಲರೂ ಸರ್ಕಾರದವರೇ ಆದಾಗ ವಿರೋಧಪಕ್ಷದ ಪೀಠಗಳು ಬರಿದಾಗುತ್ತವೆ. ಇದನ್ನು ಹೇರಿದವರು ಕಮ್ಯುನಿಸ್ಟರು ಮಾತ್ರವಲ್ಲ. ಮ್ಯೂನಿಕ್‌ನ ಅವಮಾನದಿಂದ ನೊಂದಿದ್ದ ಅಧ್ಯಕ್ಷ ಬೆನೆಷ್ ಮತ್ತು ಅವರ ಪ್ರಜಾಪ್ರಭುತ್ವವಾದಿ ಗೆಳೆಯರೂ ಇದಕ್ಕೆ ಒಪ್ಪಿದವರೇ. ೧೯೪೬ರ ಮೇ ತಿಂಗಳ ಚುನಾವಣೆಯಲ್ಲಿ ಕಮ್ಯುನಿಸ್ಟರು ಪಡೆದದ್ದು ನೂರಕ್ಕೆ ಮೂವತ್ತೆಂಟು ಮತ. ಮುಕ್ತ ಚುನಾವಣೆಯೊಂದರಲ್ಲಿ ಬಂದ ಮತಗಳಿವು, ಅಲ್ಲಗಳೆಯುವಂತಿಲ್ಲ. ಗೊಟ್ವಾಲ್ಡ್ ಪ್ರಧಾನಿಯಾದರು; ಗೃಹಖಾತೆ, ಅಂದರೆ ಪೊಲೀಸರು, ನೊಸೆಕ್ ಎಂಬ ಕಮ್ಯುನಿಸ್ಟ್ ಸಚಿವರ ಕೈಯಲ್ಲಿ ಉಳಿಯಿತು.

೧೯೪೭ರ ಜುಲೈನಲ್ಲಿ ಮಾರ್ಷಲ್ ನೆರವಿನ ಸಭೆಗೆ ಹೋಗಲು ಒಪ್ಪಿದ್ದ ಸಚಿವ ಸಂಪುಟ, ಮಾಸ್ಕೋದ ಗದರಿಕೆಯಿಂದ ಹಿಂದೆಗೆಯಿತು. ಮರುವರ್ಷದ ಫೆಬ್ರವರಿಯಲ್ಲಿ ಪ್ರಾಗ್‌ನ ಎಂಟು ಮಂದಿ ಕಮ್ಯುನಿಸ್ಟೇತರ ಪೊಲೀಸ್ ಅಧಿಕಾರಿಗಳನ್ನು ನೊಸೆಕ್ ತೆಗೆದುಹಾಕಿದರು. ಸಂಪುಟದ ಬಹುಮತ ಆ ಕ್ರಮವನ್ನು ರದ್ದುಪಡಿಸಬೇಕೆಂದಿತು, ನೊಸೆಕ್ ಕೇಳಲಿಲ್ಲ. ಆಗ ಸಚಿವರು ರಾಜೀನಾಮೆಯ ಅಸ್ತ್ರ ಹೂಡಿದರು. ಆದರೆ ಲೆಕ್ಕ ತಪ್ಪಿತ್ತು. ಇಪ್ಪತ್ತಾರು ಮಂದಿಯ ಸಂಪುಟದಲ್ಲಿ ಹೊರಬಂದವರು ಹನ್ನೆರಡೇ ಮಂದಿ. ಸೋಷಲ್ ಡೆಮಾಕ್ರಾಟರೂ ವಿದೇಶಾಂಗ ಸಚಿವ ಯಾನ್ ಮಸಾರಿಕರೂ ಉಳಿದೇ ಬಿಟ್ಟರು. ಸರ್ಕಾರ ಬೀಳಲಿಲ್ಲ, ಖಾಲಿಯಾದ ಕುರ್ಚಿಗಳು ಮಾತ್ರ ಗೊಟ್ವಾಲ್ಡರಿಗೆ ದೊರೆತವು. ಬೀದಿಯಲ್ಲಿ ಸಶಸ್ತ್ರ ಕಾರ್ಮಿಕ ದಳಗಳು, ಕಚೇರಿಗಳಲ್ಲಿ ‘ಕ್ರಿಯಾಸಮಿತಿ’ಗಳು, ೨೪ರಂದು ಒಂದು ಗಂಟೆಯ ಸಾರ್ವತ್ರಿಕ ಮುಷ್ಕರ. ರಾಜೀನಾಮೆ ಕೊಟ್ಟವರು ಅಧ್ಯಕ್ಷರತ್ತ ನೋಡುತ್ತ ಕುಳಿತರು. ಕಾಯಿಲೆಯಿಂದ ಕುಗ್ಗಿದ್ದ ಬೆನೆಷ್ ೨೫ರಂದು ಸಹಿ ಹಾಕಿದರು. ಮಾರ್ಚ್ ೧೦ರ ಬೆಳಗ್ಗೆ ಮಸಾರಿಕರ ದೇಹ ಚೆರ್ನಿನ್ ಅರಮನೆಯ ಅಂಗಳದಲ್ಲಿ ಬಿದ್ದಿತ್ತು.

ಫಿನ್ಲೆಂಡಿನಲ್ಲಿಯೂ ಗೃಹಸಚಿವ ಯೂರ್ಯೊ ಲೆಯ್ನೊ ಕಮ್ಯುನಿಸ್ಟರೇ. ರಾಜ್ಯ ಪೊಲೀಸ್ ಪಡೆಯೂ ಅವರ ಪಕ್ಷದ ಹಿಡಿತದಲ್ಲೇ ಇತ್ತು. ಜೆಕೊಸ್ಲೊವಾಕಿಯದ ದಾರಿಯೇ ನಮ್ಮದೂ ಎಂದು ಆ ಪಕ್ಷದ ನಾಯಕಿ ಹೆರ್ತಾ ಕೂಸಿನೆನ್ ಬಹಿರಂಗವಾಗಿಯೇ ಸಾರಿದ್ದರು. ಲೆಯ್ನೊ ಆಕೆಯ ಪತಿ ಎಂಬುದನ್ನೂ ಇಲ್ಲಿ ಹೇಳಬೇಕು. ಏಕೆಂದರೆ ಸೇನಾಧಿಪತಿ ಸಿಹ್ವೊ ಅವರಿಗೆ ಎಚ್ಚರಿಕೆಯ ಮಾತು ಹೇಳಿದವರು ಈ ಲೆಯ್ನೊ ಅವರೇ. ಏಪ್ರಿಲ್ ಕೊನೆಯ ವಾರ ಹೆಲ್ಸಿಂಕಿಯಲ್ಲಿ ಸೈನ್ಯ, ಪೊಲೀಸರು ಸನ್ನದ್ಧರಾದರು. ಕ್ಷಿಪ್ರಕ್ರಾಂತಿಯ ಯೋಜನೆ ನಿಜಕ್ಕೂ ಇತ್ತೆಂಬುದಕ್ಕೆ ಗಟ್ಟಿಯಾದ ಪುರಾವೆ ದೊರೆತಿಲ್ಲ, ಎಚ್ಚರಿಕೆಯಂತೂ ಇತ್ತು.

ಆದರೆ ಫಿನ್ಲೆಂಡನ್ನು ಉಳಿಸಿದ್ದು ಆ ಒಂದು ರಾತ್ರಿಯ ಕಾವಲು ಎನ್ನುವುದು ಅತಿಶಯೋಕ್ತಿ. ಎಪ್ಪತ್ತೇಳರ ಪಾಸಿಕಿವಿ ಸ್ಟಾಲಿನ್‌ನ ಪತ್ರಕ್ಕೆ ಅವಸರದ ಉತ್ತರ ಬರೆಯದೆ ಅದನ್ನು ಸಂಸತ್ತಿನ ಪಕ್ಷಗಳ ಮುಂದಿಟ್ಟರು. ಹೆಚ್ಚಿನ ಪಕ್ಷಗಳಿಗೆ ಅದು ರುಚಿಸಲಿಲ್ಲ. ಆ ಅರುಚಿಯೇ ನಿಯೋಗಕ್ಕೆ ಚೌಕಾಸಿಯ ಬಂಡವಾಳವಾಯಿತು. ಏಪ್ರಿಲ್ ೬ರಂದು ಸಹಿಯಾದ ಒಪ್ಪಂದ ಜರ್ಮನಿ ಅಥವಾ ಅದರ ಮಿತ್ರರು ಫಿನ್ಲೆಂಡಿನ ಮೂಲಕ ದಾಳಿ ಮಾಡಿದರೆ ಎಂಬುದಕ್ಕೆ ಸೀಮಿತವಾಯಿತು. ಬಲಾಢ್ಯರ ಹಿತಸಂಘರ್ಷಗಳಿಂದ ದೂರವಿರುವ ಫಿನ್ನರ ಇಚ್ಛೆಯೂ ಪೀಠಿಕೆಯಲ್ಲಿ ದಾಖಲಾಯಿತು. ಮೇ ೧೯ರಂದು ಸಂಸತ್ತು ಲೆಯ್ನೊ ವಿರುದ್ಧ ಅವಿಶ್ವಾಸ ನಿರ್ಣಯ ಅಂಗೀಕರಿಸಿತು. ೧೯೪೫ರಲ್ಲಿ ಇಪ್ಪತ್ತು ಮಂದಿಯನ್ನು ಕಾನೂನು ಬಾಹಿರವಾಗಿ ಸೋವಿಯತ್ ವಶಕ್ಕೆ ಒಪ್ಪಿಸಿದ್ದರೆಂಬುದು ಆಪಾದನೆ. ಲೆಯ್ನೊ ತಾವಾಗಿ ಇಳಿಯದಿದ್ದಾಗ ಅಧ್ಯಕ್ಷರೇ ವಜಾಗೊಳಿಸಿದರು. ಮುಷ್ಕರಗಳೆದ್ದವು, ತಣ್ಣಗಾದವು. ಜುಲೈ ಚುನಾವಣೆಯಲ್ಲಿ ಕಮ್ಯುನಿಸ್ಟರ ಕೂಟದ ಸ್ಥಾನಗಳು ೪೯ರಿಂದ ೩೮ಕ್ಕೆ ಇಳಿದವು. ಗೃಹಸಚಿವರ ಕುರಿತ ಅದೇ ಜಗಳ. ಪ್ರಾಗ್‌ನಲ್ಲಿ ಅದು ಬೀದಿಗೆ ಬಿದ್ದಿತು, ಹೆಲ್ಸಿಂಕಿಯಲ್ಲಿ ಸದನದಲ್ಲಿ ತೀರ್ಮಾನವಾಯಿತು. ಯುದ್ಧಕಾಲದಲ್ಲೂ ಬಾಗಿಲು ಮುಚ್ಚದ ಸದನ ಅದು.

ಸ್ಟಾಲಿನ್‌ನ ಲೆಕ್ಕಾಚಾರಕ್ಕೂ ಇದರಲ್ಲಿ ಪಾಲುಂಟು. ಚಳಿಗಾಲದ ಯುದ್ಧದಲ್ಲಿ ಫಿನ್ನರ ಕೈಯ ಬಿಸಿ ಆತನಿಗೆ ತಟ್ಟಿತ್ತು. ಫಿನ್ನರಿಗೆ ಒಳಗಿನ ರೋಗದ ಅನುಭವವೂ ಇತ್ತು. ೧೯೩೦ರಲ್ಲಿ ಲಾಪುವಾ ಎಂಬ ಬಲಪಂಥೀಯ ಚಳವಳಿಯ ಒತ್ತಡಕ್ಕೆ ಮಣಿದು ಕಮ್ಯುನಿಸ್ಟರ ವಿರುದ್ಧ ಗಣರಾಜ್ಯ ರಕ್ಷಣೆಯ ಕಾಯ್ದೆ ಬಂದಿತು. ೧೯೩೨ರಲ್ಲಿ ಮಾಂತ್ಸಾಲದಲ್ಲಿ ಅದೇ ಲಾಪುವಾ ಜನ ದಂಗೆಯೆದ್ದಾಗ, ಚಳವಳಿಯನ್ನು ಮುಚ್ಚಿಸಲು ಸರ್ಕಾರ ಬಳಸಿದ್ದು ಅದೇ ಕಾಯ್ದೆಯನ್ನು!

ಉಳಿವಿಗೆ ತೆತ್ತ ಬೆಲೆಯನ್ನು ಮರೆಮಾಚಬಾರದು. ಯುದ್ಧಕಾಲದ ನಾಯಕರನ್ನು ಪೂರ್ವಾನ್ವಯ ಕಾನೂನಿನಿಂದ ಶಿಕ್ಷಿಸಲಾಯಿತು. ಮಾಜಿ ಅಧ್ಯಕ್ಷ ರ್ಯೂತಿಯವರಿಗೆ ಹತ್ತು ವರ್ಷಗಳ ಸೆರೆ. ೧೯೫೮ರಲ್ಲಿ ಮಾಸ್ಕೋದ ಮುನಿಸಿಗೆ ಫಾಗರ್‌ಹೋಲ್ಮ್ ಸರ್ಕಾರ ಉರುಳಿತು. ೧೯೭೩ರಲ್ಲಿ ಅಧ್ಯಕ್ಷ ಕೆಕ್ಕೊನೆನ್ ಅವರ ಅವಧಿಯನ್ನು ಚುನಾವಣೆಯಿಲ್ಲದೆ, ವಿಶೇಷ ಕಾನೂನಿನಿಂದ ನಾಲ್ಕು ವರ್ಷ ವಿಸ್ತರಿಸಲಾಯಿತು. ಲೇಖನಿಗಳೂ ಬಾಗಿದವು. ಪದಚ್ಯುತ ಲೆಯ್ನೊ ತಮ್ಮ ಗೃಹಸಚಿವಗಿರಿಯ ನೆನಪುಗಳನ್ನು ಬರೆದರು. ೧೯೫೮ರಲ್ಲಿ ಪುಸ್ತಕ ಅಚ್ಚಾಯಿತು. ಸೋವಿಯತ್ ಆಕ್ಷೇಪ ಬಂದಾಗ ಪ್ರತಿಗಳನ್ನು ಅಂಗಡಿಗೆ ಕಳಿಸದೆ ನಾಶಪಡಿಸಲಾಯಿತು. ಲೆಯ್ನೊ ೧೯೬೧ರಲ್ಲಿ ತೀರಿಕೊಂಡರು. ಆ ಪುಸ್ತಕ ಫಿನ್ನರ ಕೈಗೆ ಬಂದದ್ದು ೧೯೯೧ರಲ್ಲಿ.